ಕೈಕಟ್ಟಿ ಕಲಿಸಿದ ಬೆಸುಗೆ

1993ರಲ್ಲಿ, ಒಂಬತ್ತನೆಯ ತರಗತಿ ಅರ್ಧ ಮುಗಿಯುವ ಹೊತ್ತಿಗೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಒಂದೆಡೆ ಕೂತು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಗದಗಿನ ಪಕ್ಕದ ಬೆಟಗೇರಿಯಲ್ಲಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತು ಅಲ್ಲೇ ಸ್ವಂತ ಅಂಗಡಿ ಹಾಕಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಸುಟ್ಟ ಪಂಪುಗಳೂ ನನ್ನ ಹತ್ತಿರವೇ ಬರುತ್ತವೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎರಡು ವರ್ಷದ ಹಿಂದೆ ಗದಗಿನ ಒಂದು ಶಾಲೆಯವರು ಬಂದು, ತಮ್ಮ ರೊಬೊಟಿಕ್ಸ್ ತಂಡದ ನಾಲ್ಕು ಮಕ್ಕಳಿಗೆ ತಂತಿ ಜೋಡಿಸುವುದು, ಬೆಸುಗೆ ಹಾಕುವುದು ಕಲಿಸಿಕೊಡಿ ಎಂದರು. ಮಕ್ಕಳು ಭಾನುವಾರ ಅಂಗಡಿಗೆ ಬರತೊಡಗಿದರು. ಯಾರದಾದರೂ ಕೈ ತುಸು ತಡವರಿಸಿದರೆ ಸಾಕು, ಸೋಲ್ಡರಿಂಗ್ ಐರನ್ ಕಸಿದುಕೊಂಡು ನಾನೇ ಹಾಕಿಬಿಡುತ್ತಿದ್ದೆ. ತಂಡದ ಮುಂದಾಳು ಹರ್ತಿಯಿಂದ ಬರುವ ಹುಡುಗಿ. ಒಮ್ಮೆ ಅವಳು, "ಕಾಕಾ, ನಮ್ಮನ್ನ ಕಲಿಯಾಕ ಕರದೀರ್ಯೋ, ನೋಡಾಕ ಕರದೀರ್ಯೋ?" ಎಂದಳು. ನಕ್ಕೆ. ಐರನ್ ಮಾತ್ರ ಕೊಡಲಿಲ್ಲ.

ಅವರು ಕಟ್ಟಿದ್ದು ನೆಲದ ಮೇಲಿನ ಕಪ್ಪು ಪಟ್ಟಿ ಹಿಡಿದು ತಾನೇ ಓಡುವ ಪುಟ್ಟ ಗಾಡಿ. ಕಳೆದ ದಸರೆಯಲ್ಲಿ, ವಿಜಯದಶಮಿಯ ಬನ್ನಿ ಹಬ್ಬದ ಮರುದಿನ ಬೆಳಿಗ್ಗೆಯೇ ಹುಬ್ಬಳ್ಳಿಯಲ್ಲಿ ಸ್ಪರ್ಧೆಯಿತ್ತು. ಬನ್ನಿಯ ಹಿಂದಿನ ದಿನದ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ನನ್ನ ಸಾಮಾನುಗಳ ಪಕ್ಕ ಆ ಗಾಡಿಯನ್ನೂ ಇಟ್ಟು ಚೆಂಡು ಹೂವಿನ ಹಾರ ಹಾಕಿದೆವು. ಪೂಜೆಗೆ ಕೂತ ನನ್ನ ಸಾಮಾನು ಮರುದಿನ ಸಂಜೆ ಬನ್ನಿ ಹಂಚಿ ಮುಗಿಯುವವರೆಗೆ ಏಳುವುದಿಲ್ಲ, ನಾನೂ ಅಲ್ಲಿಯವರೆಗೆ ಯಾವ ಹತ್ಯಾರವನ್ನೂ ಮುಟ್ಟುವುದಿಲ್ಲ. ಕೆಲಸ ಕಲಿಸಿದ ಗುರುಗಳ ನೇಮ, ಒಮ್ಮೆಯೂ ಮುರಿದವನಲ್ಲ. ಗಾಡಿ ಮಕ್ಕಳದು, ಅದಕ್ಕೆ ಈ ನೇಮ ಹಚ್ಚಿರಲಿಲ್ಲ.

ಬನ್ನಿಯ ದಿನ ಮಧ್ಯಾಹ್ನ ಮಕ್ಕಳು ಕೊನೆಯ ಸಲ ಓಡಿಸಿ ನೋಡಲು ಬಂದರು. ಹಾರ ತೆಗೆಯುವಾಗ ಅದರ ದಾರ ಸಿಕ್ಕಿ ಒಂದು ಮೋಟಾರಿನ ತಂತಿ ಕಿತ್ತು ಬಂತು. ಗಾಡಿಯನ್ನು ನೆಲಕ್ಕಿಟ್ಟರೆ ಒಂದೇ ಗಾಲಿ ತಿರುಗಿ, ಇದ್ದಲ್ಲೇ ಗಿರಕಿ ಹೊಡೆಯಿತು. ಬನ್ನಿ ಮುಗಿಯುವ ಮೊದಲೇ ಮಕ್ಕಳು ಹೊರಡಬೇಕಿತ್ತು, ಅಷ್ಟರೊಳಗೆ ಆ ಬೆಸುಗೆ ಆಗದಿದ್ದರೆ ಹುಬ್ಬಳ್ಳಿಯ ಮಾತೇ ಇಲ್ಲ.

ನಾನು ಹೊಸ್ತಿಲವರೆಗೆ ಹೋದೆ, ತಿರುಗಿ ಬಂದೆ, ಕುಂಕುಮ ಹಚ್ಚಿದ್ದ ಐರನ್ ನೋಡಿದೆ, ಮತ್ತೆ ಹೊಸ್ತಿಲಿಗೆ ಹೋದೆ. ಹುಡುಗಿ ಚೀಲದಿಂದ ಶಾಲೆಯ ಐರನ್ ತೆಗೆದಳು.

"ಇದು ಪೂಜಿಗೆ ಕುಂತಿಲ್ರಿ ಕಾಕಾ. ನೀವು ಮುಟ್ಟಬ್ಯಾಡ್ರಿ, ನಾ ಹಿಡೀತೇನಿ."

ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಅವಳು ಹಿಂದೆಂದೂ ಬೆಸುಗೆ ಹಾಕಿದವಳಲ್ಲ, ನಾನು ಹಾಕಗೊಟ್ಟಿರಲಿಲ್ಲ. ಮೊದಲನೆಯದು ಮಂಕಾಗಿ ಗಂಟು ಕಟ್ಟಿತು, ಎಳೆದರೆ ಕಿತ್ತು ಬಂತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಎಳೆದು ಬೆನ್ನ ಹಿಂದೆ ಕಟ್ಟಿಕೊಂಡೆ.

"ಮೊದಲ ತಂತಿ ಕಾಸು ಯವ್ವಾ, ಬೆಸುಗಿ ಸೀಸಾ ಆಮ್ಯಾಲ," ಎಂದೆ. "ಊದಬ್ಯಾಡ. ತಾನ ಆರತೈತಿ."

ಅವಳ ಪಕ್ಕದಲ್ಲಿದ್ದ ಹುಡುಗ, "ಕಾಕಾ, ನೀವು ಕುಂಡ್ರಿ. ನೀವು ಅಡ್ಡಾಡಿದ್ರ ಟೇಬಲ್ ಅಲಗತೈತಿ," ಎಂದ.

ಕೂತೆ. ಮೂರು ಅಶ್ವಶಕ್ತಿಯ ಮೋಟಾರು ಎತ್ತುವುದಕ್ಕಿಂತ ಅದು ಕಷ್ಟವಾಯಿತು. ಎರಡನೆಯ ಬೆಸುಗೆಯೂ ನಿಲ್ಲಲಿಲ್ಲ. ಮೂರನೆಯದು ತೆಳ್ಳಗೆ ಹರಡಿ ಹೊಳೆಯಿತು. ಎಳೆದಳು, ಬರಲಿಲ್ಲ. ಗಾಡಿ ನೇರ ಓಡಿತು.

ಹುಬ್ಬಳ್ಳಿಯಲ್ಲಿ ಬಹುಮಾನ ಬರಲಿಲ್ಲ, ಆದರೆ ಗಾಡಿ ಪಟ್ಟಿ ಬಿಡದೆ ಪೂರ್ತಿ ಸುತ್ತು ಮುಗಿಸಿತು. ಅಂದಿನಿಂದ ಭಾನುವಾರ ಐರನ್ ಅವರ ಕೈಯಲ್ಲಿರುತ್ತದೆ. ನಾನು ಸ್ಟೂಲಿನ ಮೇಲೆ ಕೂತಿರುತ್ತೇನೆ, ಮತ್ತೆ ಮತ್ತೆ ಏಳುತ್ತೇನೆ, ಮತ್ತೆ ಕೂರುತ್ತೇನೆ.

ಈಗ ನನಗಿರುವುದು ಒಂದು ಅಂಗಡಿ, ಎರಡು ವೈಂಡಿಂಗ್ ಮಷಿನ್, ಐದು ಸೋಲ್ಡರಿಂಗ್ ಐರನ್, ನನ್ನನ್ನು ಕೇಳದೆ ಬೆಸುಗೆ ಹಾಕುವ ನಾಲ್ಕು ಮಕ್ಕಳು.