ದ್ವೀಪದ ಪುಡಿ

ಅತ್ತೆ, ಆ ಪುಡಿಯಲ್ಲಿ ಮೀನಿತ್ತು.

ಹೇಳಿಬಿಟ್ಟೆ. ನೀವು ಹೋಗಿ ಇಷ್ಟು ವರ್ಷಗಳಾದ ಮೇಲೆ, ಕೇಳುವ ಕಿವಿಯೇ ಇಲ್ಲದಾಗ ನನಗೆ ಬಾಯಿ ಬಂತು — ಥೂ, ನನ್ನ ಧೈರ್ಯಕ್ಕಿಷ್ಟು!

ಎಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಮಗನ ಬ್ಯಾಂಕಿನವರು ರಜೆಯ ಪ್ರವಾಸಕ್ಕೆ ಖರ್ಚು ಕೊಟ್ಟರು. ಕೊಟ್ಟೂರಿನಿಂದ ಹೊರಟವರು ಕೊಚ್ಚಿಯಲ್ಲಿ ಹಡಗು ಹತ್ತಿ ಲಕ್ಷದ್ವೀಪ ಸೇರಿದೆವು. ಕೊಡದ ನೀರನ್ನು ಅಳೆದು ಬಳಸುವ ಊರಿನವಳು ನಾನು. ನಾಲ್ಕು ದಿನ ಆ ತಿಳಿನೀಲಿ ನೀರಿನಲ್ಲಿ ಮೊಣಕಾಲುದ್ದ ನಿಂತು ಮನೆಯನ್ನೇ ಮರೆತೆ. ಅಲ್ಲಿಯ ಅಡುಗೆಯಾಕೆ ಕೊಬ್ಬರಿಯ ಜೊತೆ ಒಣಮೀನು ಕುಟ್ಟಿದ ಪುಡಿಯನ್ನು ಅನ್ನಕ್ಕೆ ಹಾಕಿದಳು. ಕೊರಳಲ್ಲಿ ಲಿಂಗವಿದ್ದವಳು — ಗೊತ್ತಿದ್ದೇ ತಿಂದೆ. ಸುಳ್ಳೇಕೆ, ರುಚಿಯಾಗಿತ್ತು. ಕದ್ದು ತಿನ್ನಲೆಂದು ಒಂದು ಡಬ್ಬಿ ಕಟ್ಟಿಸಿಕೊಂಡೂ ಬಂದೆ.

ಅದು ನಿಮ್ಮ ಕೈಗೇ ಸಿಗಬೇಕೆ? ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀವು ರೊಟ್ಟಿಯ ಮೇಲೆ ಪುಡಿ ಹಾಕಿಕೊಂಡು, ಅಂಗೈಯ ಲಿಂಗಕ್ಕೆ ತೋರಿಸಿ, ತಿನ್ನುತ್ತಿದ್ದಿರಿ. ನಶ್ಯ ಏರಿಸಿ ಏರಿಸಿ ನಿಮ್ಮ ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ.

"ಕೊಬ್ರಿಪುಡಿ ಏನ್ ರುಚಿ ಐತಿ ಹುಡುಗೀ! ಈಗ ಬಂತು ನೋಡು ನಿನ್ನ ಕೈಗೆ ಹದ!"

"ಅತ್ತಿ, ಅದರಾಗ —" ಎಂದು ಬಾಯಿ ತೆರೆದೆ. ಮುಚ್ಚಿಕೊಂಡೆ. ಹತ್ತು ವರ್ಷ ನನ್ನ ಅಡುಗೆಯೆಂದರೆ ಮೊಸರಲ್ಲಿ ಕಲ್ಲು ಹುಡುಕಿದವರು ನೀವು. ಆ ಹೊಗಳಿಕೆ ನನಗೆ ಬೇಕಾಗಿತ್ತು. ಮೊದಲ ದಿನದ್ದು ಅಚಾತುರ್ಯವೇ ಇರಲಿ. ದ್ವೀಪದಲ್ಲಿ ಕಲಿತು ಬಂದ ಪುಡಿ ಎಂದು ಹೇಳಿ, ಡಬ್ಬಿ ಮುಗಿಯುವ ತನಕ ದಿನವೂ ನಿಮಗೆ ಬಡಿಸಿದವಳು ನಾನೇ.

ಎರಡು ವರ್ಷದ ಮೇಲೆ ನೀವು ಹಾಸಿಗೆ ಹಿಡಿದಿರಿ. ಗಂಜಿಯೂ ಇಳಿಯದು.

"ಆ ದ್ವೀಪದ ಪುಡಿ ಮಾಡಿಕೊಡು ತಂಗಿ, ಎಲ್ಡು ತುತ್ತು ಉಣ್ತೀನಿ," ಎಂದಿರಿ.

ಕೊಬ್ಬರಿ ಕುಟ್ಟಿದೆ, ಬೆಳ್ಳುಳ್ಳಿ ಹಾಕಿ ಕುಟ್ಟಿದೆ, ಶೇಂಗಾ ಹುರಿದು ಹಾಕಿ ಮತ್ತೆ ಕುಟ್ಟಿದೆ — ಅಳುತ್ತ ಕುಟ್ಟಿದೆ. ಮೀನಿಲ್ಲದೆ ಆ ರುಚಿ ಎಲ್ಲಿಂದ ಬರಬೇಕು? ನೀವು ನಾಲಿಗೆಗೆ ಇಟ್ಟು ತಟ್ಟೆ ಸರಿಸಿದಿರಿ.

"ಇದು ಅದಲ್ಲ ಬಿಡು. ನನ್ನ ಮ್ಯಾಲೆ ಇನ್ನಾ ಸಿಟ್ಟೈತೇನು ನಿನಗ?"

ನಿಜ ಹೇಳಿದರೆ ನೀವು ಜೀವಮಾನವಿಡೀ ಕಾಪಾಡಿದ ಆಚಾರವನ್ನು ಆ ಹಾಸಿಗೆಯ ಮೇಲೆಯೇ ಕಿತ್ತುಕೊಂಡಂತೆ. ಹೇಳದಿದ್ದರೆ — ತಲೆ ತಗ್ಗಿಸಿ ನಿಂತೆ. ಅದನ್ನೇ ಉತ್ತರವೆಂದುಕೊಂಡು ನೀವು ಗೋಡೆಯ ಕಡೆ ಹೊರಳಿದಿರಿ. ಆಮೇಲೆ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಮೂರನೆಯ ದಿನ ಹೋದಿರಿ.

"ಸಿಟ್ಟಿಲ್ರೀ ಅತ್ತಿ" ಅನ್ನುವುದಕ್ಕೆ ಮೀನಿನ ಸುದ್ದಿ ಎತ್ತಬೇಕಿರಲಿಲ್ಲ. ಅಷ್ಟನ್ನೂ ನಾನು ಅನ್ನಲಿಲ್ಲ.