ಮೊದಲ ದರ್ಜೆಯ ಸೀಟಿನ ಎತ್ತರ

ಆ ಸೀಟಿನ ಕಥೆಯನ್ನು ಈಗ ಹೀಗೆ ಹೇಳುತ್ತಾರೆ. ವಿನ್ಯಾಸ ವಿಭಾಗದ ಮುಖ್ಯಸ್ಥರು ಒಂದು ಬೆಳಿಗ್ಗೆ ಶಿವಾಜಿನಗರದ ಬಸ್ಸಿನಲ್ಲಿ ಕೂತಿದ್ದರಂತೆ. ಎದುರು ಸೀಟಿನಲ್ಲಿ ಒಬ್ಬ ಮುದುಕಿ. ಆಕೆಯ ಪಾದಗಳು ನೆಲಕ್ಕೆ ಎಟುಕದೆ, ಬಸ್ಸು ತಿರುಗಿದಾಗಲೆಲ್ಲ ಅತ್ತಿತ್ತ ತೂಗಾಡುತ್ತಿದ್ದವಂತೆ. ಸಾಹೇಬರ ಕರುಳು ಚುರುಕ್ಕೆಂದಿತಂತೆ. ನಮ್ಮ ಜನ ವಿಮಾನದಲ್ಲಾದರೂ ನೆಲಕ್ಕೆ ಕಾಲೂರಿ ಕೂರಲಿ ಎಂದು ಅವತ್ತೇ ಪೆನ್ಸಿಲು ಹಿಡಿದರಂತೆ.

ಚೆನ್ನಾಗಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹೀಗೆ ಕಣ್ಣೀರು ತರಿಸುವ ಕಥೆ ಹೇಳಿದ ಕೂಡಲೇ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಕಥೆಗೆ ಎಲ್ಲೋ ಒಂದು ಕಡೆ ಹೊಲಿಗೆ ಬಿಟ್ಟಿರುತ್ತದೆ, ಅಲ್ಲಿಗೆ ಬೆರಳು ಹಾಕಿದರಾಯಿತು. ಈ ಕಥೆಯ ಹೊಲಿಗೆ ಬಿಟ್ಟಿರುವುದು ಬಸ್ಸಿನಲ್ಲಿ. ಸಾಹೇಬರು ಬಸ್ಸು ಹತ್ತಿದವರೇ ಅಲ್ಲ. ಕುಕ್ ಟೌನಿನ ಬಂಗಲೆಯಿಂದ ಕೆ.ಆರ್. ಪುರದ ಕಡೆಯ ನಮ್ಮ ಕಾರ್ಖಾನೆಗೆ ಬೂದು ಬಣ್ಣದ ಕಾರಿನಲ್ಲಿ ಬರುತ್ತಿದ್ದರು. ಕಾರು ಕೆಟ್ಟ ದಿನ ರಜೆ ಹಾಕುತ್ತಿದ್ದರು. ಬಸ್ಸಿನಲ್ಲಿ ಬರುತ್ತಿದ್ದವಳು ನಾನು. ಆ ಮುದುಕಿಯನ್ನು ನೋಡಿದವಳೂ ನಾನೇ. ಹಲಸೂರಿನ ಸ್ಟಾಪಿನಲ್ಲಿ ಹತ್ತಿ ಆಕೆಯ ಎದುರಿಗೆ ಕೂತು, ಮರುದಿನ ಸಾಹೇಬರ ಮುಂದೆ ಅದನ್ನು ವರ್ಣಿಸಿದ್ದೆ. ನನ್ನ ಮುದುಕಿಯನ್ನೂ ಬಿಡಲಿಲ್ಲ ಪುಣ್ಯಾತ್ಮ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮದು ದೊಡ್ಡ ಕಾರ್ಖಾನೆಯೇನಲ್ಲ. ಹಳೆ ಮದ್ರಾಸ್ ರಸ್ತೆಯಿಂದ ಒಳಗೆ ಹೋದರೆ ಎರಡು ತಗಡಿನ ಶೆಡ್ಡು, ಒಂದು ಹೆಂಚಿನ ಕಟ್ಟಡ. ಬಸ್ಸಿನ ಸೀಟು ಮಾಡುತ್ತಿದ್ದ ಮಾಲೀಕರಿಗೆ ಹೇಗೋ ಒಂದು ವಿಮಾನ ಕಂಪನಿಯ ಮೊದಲ ದರ್ಜೆಯ ಸೀಟುಗಳ ಮಾದರಿ ಮಾಡಿಕೊಡುವ ಅವಕಾಶ ಸಿಕ್ಕಿತ್ತು. ಜೋಡಿ ಸೀಟು, ಹಿಂದಕ್ಕೆ ಒರಗುವ ಬೆನ್ನು, ಕೈಯಾಸರೆಯೊಳಗೆ ಅಡಗುವ ಆ್ಯಶ್‌ಟ್ರೇ. ಇದಕ್ಕಾಗಿಯೇ ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಸಾಹೇಬರನ್ನು ತಂದು ಗಾಜಿನ ಕ್ಯಾಬಿನ್ನಿನಲ್ಲಿ ಕೂರಿಸಿದ್ದರು.

ನಾನು ಟ್ರೇಸರ್. ಅವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಶಾಯಿಯಲ್ಲಿ ಗೆರೆ ಎಳೆಯುವ ಕೆಲಸ. ಬಿ.ಎಸ್ಸಿ. ಮುಗಿಸಿ ಡ್ರಾಯಿಂಗ್ ಡಿಪ್ಲೊಮಾ ಮಾಡಿದ್ದೆ. ಆದರೆ ಹುಡುಗಿಯರಿಗೆ ಆ ಕೊಠಡಿಯಲ್ಲಿ ಅದಕ್ಕಿಂತ ಮೇಲಿನ ಮೇಜು ಇರಲಿಲ್ಲ. ಪ್ರತಿ ನಕ್ಷೆಯ ಬಲತುದಿಯಲ್ಲಿ ಮೂರು ಖಾನೆಗಳಿರುತ್ತಿದ್ದವು: ವಿನ್ಯಾಸ, ಟ್ರೇಸಿಂಗ್, ತಪಾಸಣೆ. ನನ್ನ ಇನಿಷಿಯಲ್ಲು ನಡುವಿನ ಖಾನೆ ಬಿಟ್ಟು ಆಚೆ ಹೋದದ್ದೇ ಇಲ್ಲ. ಬೇರೆ ಯಾವ ಕಾರ್ಖಾನೆಗೆ ವಿನ್ಯಾಸದ ಕೆಲಸ ಕೇಳಿಕೊಂಡು ಹೋದರೂ ಮೊದಲ ಪ್ರಶ್ನೆ ಒಂದೇ: ವಿನ್ಯಾಸದ ಖಾನೆಯಲ್ಲಿ ನಿಮ್ಮ ಹೆಸರಿರುವ ಒಂದು ಶೀಟು ತೋರಿಸಿ. ನನಗೆ ಬೇಕಾಗಿದ್ದದ್ದು ಅದೊಂದೇ ಶೀಟು.

ಮುದುಕಿಯ ವಿಷಯ ಹೇಳಿದಾಗ ಸಾಹೇಬರು ಪೈಪು ಬಾಯಿಂದ ತೆಗೆದರು. "ಇಂಟರೆಸ್ಟಿಂಗ್. ಹಾಗಾದ್ರೆ ನಮ್ಮವರಿಗೆ ಎಷ್ಟು ಎತ್ತರ ಬೇಕು ಅಂತೀಯ?"

"ಅಳೆದು ನೋಡ್ಬೇಕು ಸಾರ್."

"ಅಳಿ ಮತ್ತೆ. ಸರಿಯಾಗಿ ಬಂದ್ರೆ ಶೀಟಲ್ಲಿ ನನ್ನ ಹೆಸರಿನ ಕೆಳಗೆ ನಿಂದೂ ಹಾಕೋಣ."

ಈ ಮಾತನ್ನು ಅವರು ಬಾಗಿಲು ತೆರೆದಿಟ್ಟುಕೊಂಡೇ ಹೇಳಿದರು. ಸಾಕ್ಷಿ ಇದ್ದಾರೆ.

ಸಾಕ್ಷಿ ನಮ್ಮ ಮೇಸ್ತ್ರಿ. ಶಿವಾಜಿನಗರದವರು, ಸೀಟಿಗೆ ಮೆತ್ತೆ ಹೊಲಿಯುವವರು. ಜಟಕಾ ಗಾಡಿಗೆ ತೆಂಗಿನ ನಾರು ತುಂಬುವುದರಿಂದ ಶುರುಮಾಡಿ, ಕಾರಿನ ಸೀಟು ಹೊಲಿದು, ವಯಸ್ಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅಳತೆ ತೆಗೆದದ್ದು ನಾವಿಬ್ಬರು. ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ. ಗಂಡಸರ ಕಾಲನ್ನು ನಾನು ಮುಟ್ಟುವ ಹಾಗಿಲ್ಲ, ಹೆಂಗಸರ ಕಾಲನ್ನು ಅವರು ಮುಟ್ಟುವ ಹಾಗಿಲ್ಲ. ಆದ್ದರಿಂದ ಕೆಲಸ ಹಂಚಿಕೊಂಡೆವು. ಊಟದ ಹೊತ್ತಿನಲ್ಲಿ ಅವರು ಶೆಡ್ಡಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ಬೆಂಚಿನ ಮೇಲೆ ಕೂರಿಸಿ ಕೂಗುತ್ತಿದ್ದರು, ನಾನು ಗೋಡೆಯ ಈಚೆ ನಿಂತು ಬರೆದುಕೊಳ್ಳುತ್ತಿದ್ದೆ.

"ಸಾಡೆ ಸೋಲಾ! ಹದಿನಾರೂವರೆ! ಬರ್ಕೊಂಡ್ಯಾ ಬೇಟಿ? ಇವ್ನು ನೋಡೋಕೆ ಉದ್ದ, ಕಾಲು ಮಾತ್ರ ಬಾತುಕೋಳೀದು."

"ಏಯ್ ಮೇಸ್ತ್ರೀ, ಮರ್ಯಾದೆ ತೆಗೀಬೇಡ ಗುರು!" ಎಂದು ಆ ಬಾತುಕೋಳಿ ಕೂಗುತ್ತಿತ್ತು.

ನಾನು ನಮ್ಮ ಬೀದಿಯ ಹೆಂಗಸರನ್ನು, ಇಂದಿರಾನಗರದ ಕಾಲೊನಿಯ ಅತ್ತಿಗೆಯ ಗೆಳತಿಯರನ್ನು ಅಳೆದೆ. ಸೀರೆಯ ನೆರಿಗೆ ಒಂದಿಷ್ಟು ಎತ್ತು ಎಂದರೆ ಬೈಯುವವರು, ನಗುವವರು, ಮದುವೆಗೆ ಅಳತೆಯೇನೇ ಎಂದು ಕೇಳುವವರು. ಕೊನೆಗೆ ಮೇಸ್ತ್ರಿ ಪ್ಲೈವುಡ್ಡು ಒಂದರ ಮೇಲೊಂದು ಪೇರಿಸಿ ಸುಳ್ಳು ಸೀಟೊಂದು ಮಾಡಿದರು. ಕೂರಿಸಿ, ಎಬ್ಬಿಸಿ, ಒಂದು ಹಲಗೆ ತೆಗೆದು, ಮತ್ತೆ ಕೂರಿಸಿ. ಮೆತ್ತೆ ತಗ್ಗಿದ ಮೇಲೆ ಹದಿನಾರು ಅಂಗುಲ. ವಿದೇಶಿ ಕ್ಯಾಟಲಾಗಿನ ಎತ್ತರಕ್ಕಿಂತ ಬಹಳ ತಗ್ಗು. ಪಟ್ಟಿ ಮಾಡಿ, ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದು, ಅಂಚಿನ ದುಂಡು ಎಷ್ಟಿದ್ದರೆ ತೊಡೆ ಜೋಮು ಹಿಡಿಯುವುದಿಲ್ಲ, ಸೀಟು ಹಿಂದಕ್ಕೆ ಎಷ್ಟು ಇಳಿಜಾರಾಗಿರಬೇಕು ಎಂದೂ ತೋರಿಸಿ ಸಾಹೇಬರಿಗೆ ಕೊಟ್ಟೆ.

ಎರಡು ವಾರದ ಮೇಲೆ ಅಂತಿಮ ಪೆನ್ಸಿಲ್ ನಕ್ಷೆ ನನ್ನ ಮೇಜಿಗೆ ಬಂತು. ಅಂಚಿನ ದುಂಡು ನನ್ನದು. ಇಳಿಜಾರು ನನ್ನದು. ವಿನ್ಯಾಸದ ಖಾನೆಯಲ್ಲಿ ಅವರ ಇನಿಷಿಯಲ್ಲು ಖಾನೆಯಿಂದಾಚೆ ಚೆಲ್ಲುವಷ್ಟು ದೊಡ್ಡದಾಗಿತ್ತು. ಕೆಳಗೆ ಏನೂ ಇಲ್ಲ.

ಕ್ಯಾಬಿನ್ನಿಗೆ ಹೋದೆ. "ಸಾರ್, ಹೆಸರು ಹಾಕ್ತೀನಿ ಅಂದಿದ್ರಿ."

"ಯಾರ ಹೆಸರು?"

"ನಂದು. ಅಳತೆ, ಅಂಚು, ಇಳಿಜಾರು..."

"ನೋಡು, ದರ್ಜಿ ಅಳತೆ ತಗೋತಾನೆ. ಅಷ್ಟಕ್ಕೆ ಕೋಟಿನ ಫ್ಯಾಷನ್ ಅವನದಾಗಿಬಿಡತ್ತಾ? ನೀನು ಟ್ರೇಸರ್. ಕೊಟ್ಟಿದ್ದನ್ನ ಕೊಟ್ಟ ಹಾಗೆ ಎಳಿ. ಅದು ನಿನ್ನ ಕೆಲಸ."

ವಾದದಲ್ಲಿ ಸೋತಾಗ ನಾನು ಅಳುವವಳಲ್ಲ. ಎದುರಾಳಿ ಆಡಿದ ಮಾತನ್ನೇ ಪದಪದವಾಗಿ ನೆನಪಿಟ್ಟುಕೊಳ್ಳುವವಳು. ಕೊಟ್ಟಿದ್ದನ್ನ ಕೊಟ್ಟ ಹಾಗೆ.

ಇಲ್ಲಿ ಡ್ರಾಯಿಂಗ್ ಕೊಠಡಿಯ ಒಂದು ಪದ್ಧತಿ ಹೇಳಬೇಕು, ಯಾವ ನಿಯಮದಲ್ಲೂ ಬರೆಯದ ಪದ್ಧತಿ. ಪೆನ್ಸಿಲ್ ನಕ್ಷೆಯಲ್ಲಿ ತಪ್ಪಿದ್ದರೆ ಟ್ರೇಸರ್ ಅದನ್ನು ಯಾರಿಗೂ ಹೇಳದೆ ಶಾಯಿಯಲ್ಲಿ ಸರಿಮಾಡಿಬಿಡಬೇಕು. ಬೋಲ್ಟಿನ ತೂತು ತಗಡಿನ ಅಂಚಿನಾಚೆ ಬಿದ್ದಿದ್ದರೆ ಒಳಕ್ಕೆ ಎಳೆಯಬೇಕು. ಕೂಡಿದ ಲೆಕ್ಕ ತಪ್ಪಿದ್ದರೆ ತಿದ್ದಬೇಕು. ಬರೆದವರ ಮಾನ ಉಳಿಯಬೇಕು, ಅಷ್ಟೆ. ತಪಾಸಣೆಯ ಹಿರಿಯರು ನಿವೃತ್ತರಾದ ಮೇಲೆ ಆ ಖಾನೆಗೂ ಸಾಹೇಬರೇ ನೋಡದೆ ಸಹಿ ಹಾಕುತ್ತಿದ್ದರು. ಹೇಗೂ ಕೆಳಗೆ ಒಬ್ಬಳು ತಿದ್ದಿರುತ್ತಾಳಲ್ಲ.

ನಾಲ್ಕನೆಯ ಶೀಟಿನಲ್ಲಿ ಸೀಟಿನ ಎತ್ತರವಿತ್ತು. ನಕ್ಷೆಗಳೆಲ್ಲ ಮಿಲಿಮೀಟರಿಗೆ ಬದಲಾಗಿದ್ದರೂ ನಮ್ಮ ತಲೆಯೊಳಗೆ ಇನ್ನೂ ಅಂಗುಲವೇ ಓಡುತ್ತಿದ್ದ ಕಾಲ. ಹದಿನಾರು ಅಂಗುಲ ಎಂದರೆ ನಾನೂರ ಆರು ಮಿಲಿಮೀಟರ್. ಸಾಹೇಬರು ಅವಸರದಲ್ಲಿ ನಾನೂರ ಅರವತ್ತು ಎಂದು ಬರೆದಿದ್ದರು. ಎರಡು ಅಂಗುಲಕ್ಕೂ ಹೆಚ್ಚು ಎತ್ತರ.

ನೋಡಿದೆ. ಪೆನ್ನಿಗೆ ಶಾಯಿ ತುಂಬಿದೆ. ನಾನೂರ ಅರವತ್ತು ಎಂದೇ ಎಳೆದೆ. ಅಷ್ಟು ಅಂದವಾದ ಅಂಕಿಯನ್ನು ನನ್ನ ಜನ್ಮದಲ್ಲಿ ಬರೆದಿರಲಿಲ್ಲ. ಬಾಂಬೆಯಿಂದ ವಿಮಾನ ಕಂಪನಿಯವರು ಬರುತ್ತಾರೆಂಬ ಗಡಿಬಿಡಿಯಲ್ಲಿ ಸಾಹೇಬರು ಅವತ್ತು ತಪಾಸಣೆಯ ಖಾನೆಗೆ ಸಹಿ ಹಾಕುವುದನ್ನೂ ಮರೆತರು. ನಾನು ನೆನಪಿಸಲಿಲ್ಲ. ಶೀಟು ಪ್ರಿಂಟಿಗೆ ಹೋಯಿತು, ಶೆಡ್ಡಿನಲ್ಲಿ ಪೈಪುಗಳು ಆ ಅಳತೆಗೇ ಕತ್ತರಿಸಿ ಬೆಸುಗೆಯಾದವು.

ಮೇಸ್ತ್ರಿ ಮಾತ್ರ ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಂಡರು. "ಫ್ರೇಮು ಎತ್ತರ ಬಂದಂಗಿದೆ ಬೇಟಿ?"

"ನಕ್ಷೆ ಹೇಗಿದ್ಯೋ ಹಾಗೆ ಮಾಡಿ ಮೇಸ್ತ್ರೀ."

"ನೀನು ಎಳ್ದಿದೀಯ ಅಂದ್ಮೇಲೆ ಸರೀನೇ ಬಿಡು," ಎಂದು ಹೊರಟುಹೋದರು.

ವಿಮಾನ ಕಂಪನಿಯಿಂದ ಬಂದ ಅಧಿಕಾರಿ ಗಿಡ್ಡ ಮನುಷ್ಯ. ಇದನ್ನು ನಾನು ಏರ್ಪಡಿಸಿರಲಿಲ್ಲ, ದೇವರಲ್ಲಿ ನಂಬಿಕೆಯಿದ್ದಿದ್ದರೆ ಒಂದು ತೆಂಗಿನಕಾಯಿ ಒಡೆಯುತ್ತಿದ್ದೆ. ಶೆಡ್ಡಿನ ನಡುವೆ ಜೋಡಿ ಸೀಟು, ನೀಲಿ ಬಟ್ಟೆ, ಅಂಚಿನುದ್ದಕ್ಕೂ ಮೇಸ್ತ್ರಿಯ ಕೈಹೊಲಿಗೆ. ಸಾಹೇಬರು ಭಾರತೀಯ ಶರೀರ, ಭಾರತೀಯ ಆಸನ ಎಂದು ಹತ್ತು ನಿಮಿಷ ಭಾಷಣ ಮಾಡಿದರು. ಅಧಿಕಾರಿ ಕೂತರು. ಅವರ ಬೂಟುಗಳು ನೆಲದಿಂದ ಮೂರು ಬೆರಳು ಮೇಲೆ ನಿಂತವು. ಅವರು ಕೆಳಗೆ ನೋಡಿದರು, ಮಾಲೀಕರೂ ನೋಡಿದರು. ಆಮೇಲೆ ಅಧಿಕಾರಿ ಕಾಲನ್ನು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಆಡಿಸಿದರು.

ಆ ಕ್ಷಣ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಯಾವ ಬೆಳ್ಳಿ ಕಪ್ಪು ಗೆದ್ದಾಗಲೂ ಅಷ್ಟು ಸುಖವಾಗಿರಲಿಲ್ಲ. ಸಾಹೇಬರ ಕುತ್ತಿಗೆ ಕಾಲರಿನ ಮೇಲೆ ಕೆಂಪಾಗುವುದನ್ನು ಹಿಂದಿನ ಸಾಲಿನಿಂದ ನಿಧಾನವಾಗಿ ನೋಡಿದೆ.

ಆದರೆ ಅವರೂ ಕಚ್ಚಾ ಆಟಗಾರರಲ್ಲ. "ಕುಷನ್!" ಎಂದು ಕೂಗಿದರು. "ಈ ಮುದುಕನಿಗೆ ಎಷ್ಟು ಹೇಳಿದ್ರೂ ಅಷ್ಟೇ, ಜಟಕಾ ಗಾಡಿ ಥರ ತುರುಕಿದಾನೆ. ಏಯ್, ಬಿಚ್ಚಯ್ಯ! ಎರಡಿಂಚು ತೆಗಿ!"

ಎಲ್ಲರ ಎದುರಿಗೆ ಮೇಸ್ತ್ರಿ ನೆಲದ ಮೇಲೆ ಕೂತು ತಮ್ಮ ಹೊಲಿಗೆಯನ್ನು ತಾವೇ ಬ್ಲೇಡಿನಿಂದ ಕೊಯ್ದರು. ಫೋಮು ಹೆರೆದು ಮತ್ತೆ ಮುಚ್ಚಿದರು. ಅಧಿಕಾರಿ ಕೂತರು, ಕಾಲು ಹೆಚ್ಚುಕಡಿಮೆ ನೆಲ ಮುಟ್ಟಿತು, ಕೂಡಲೇ ಎದ್ದರು. "ಏನ್ರೀ ಇದು, ಪೊಲೀಸ್ ಸ್ಟೇಷನ್ ಬೆಂಚಾ? ಪೈಪು ಒತ್ತುತ್ತೆ!" ಹದಿನೈದು ದಿನದಲ್ಲಿ ಬೇರೆ ಮಾದರಿ ತೋರಿಸಿ ಎಂದು ಹೊರಟರು. ಸಂಜೆಯೊಳಗೆ ಶೆಡ್ಡಿಗೆಲ್ಲ ಗೊತ್ತಾಯಿತು: ಸೀಟು ಕೆಟ್ಟದ್ದು ಮೇಸ್ತ್ರಿಯಿಂದ.

ಮರುದಿನ ಅವರು ಕೊಯ್ದ ಮೆತ್ತೆಯನ್ನು ಮಡಿಲಲ್ಲಿಟ್ಟುಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತಿದ್ದರು. ಕೈಯಲ್ಲಿ ಅಳತೆಯ ಟೇಪು ಇತ್ತು. ಫ್ರೇಮನ್ನು ಅಳೆದಿದ್ದರು ಎಂದು ನೋಡಿದೊಡನೆ ತಿಳಿಯಿತು.

"ನಿಂಗೆ ಗೊತ್ತಿತ್ತಾ?" ಬೇಟಿ ಎನ್ನಲಿಲ್ಲ.

"ಗೊತ್ತಿತ್ತು."

"ಅವ್ರ ಮೇಲೆ ಸಿಟ್ಟಿತ್ತು, ಸರಿ. ನಂಗೊಂದು ಮಾತು ಹೇಳೋಕೇನಾಗಿತ್ತು? ನಾನು ಸುಮ್ನಿರ್ತಿದ್ದೆ. ನಂಗೂ ಅವ್ರ ಮೇಲೆ ಪ್ರೀತಿ ಏನಿಲ್ಲ."

ಸೇಡು ತೀರಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ ಇಲ್ಲ. ಅದನ್ನು ಅರ್ಧಕ್ಕೆ ಬಿಟ್ಟದ್ದಕ್ಕೆ ಇದೆ. ಆ ಶೆಡ್ಡಿನಲ್ಲಿ, ಬ್ಲೇಡು ಹೊಲಿಗೆಗೆ ತಾಗುವ ಮೊದಲೇ, ನಾನು ಬಾಯಿ ಬಿಡಬೇಕಾಗಿತ್ತು.

ಮಧ್ಯಾಹ್ನ ಸಾಹೇಬರು ಕರೆಸಿದರು. ಮಾಲೀಕರು ನಕ್ಷೆಗಳನ್ನೆಲ್ಲ ತರಿಸಿ ನೋಡುತ್ತಾರಂತೆ. ನಾಲ್ಕನೆಯ ಶೀಟು ಮೇಜಿನ ಮೇಲೆ ಹರಡಿತ್ತು; ಎತ್ತರದ ಅಂಕಿ ತಪ್ಪೆಂದು ಅವರಿಗೂ ಈಗ ಹೊಳೆದಿರಬೇಕು. ಮೊದಲ ಸಲ ಅವರು ನನಗೆ ಕುರ್ಚಿ ತೋರಿಸಿದರು.

"ಕೂತ್ಕೋಮ್ಮಾ. ಈ ಖಾನೆ ನೋಡು, ಖಾಲಿ ಬಿಟ್ಟಿದೆ."

"ತಪಾಸಣೆ ಸಾರ್. ಅದು ನೀವು ಹಾಕೋದು."

"ನಾನೇ ಡಿಸೈನ್ ಮಾಡಿ ನಾನೇ ಚೆಕ್ ಮಾಡೋದು ರೂಲ್ ಪ್ರಕಾರ ತಪ್ಪು."

"ಹಿಂದಿನ ಶೀಟುಗಳಲ್ಲೆಲ್ಲ ಮಾಡಿದೀರಲ್ಲ ಸಾರ್."

"ವಾದ ಬೇಡ." ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ನೀಡಿದರು. "ನಿಂಗೆ ಹೆಸರು ಬೇಕು ಅಂತಿದ್ಯಲ್ಲ. ಇಲ್ಲಿ ಹಾಕು. ಟ್ರೇಸಿಂಗಿಂದ ಚೆಕಿಂಗಿಗೆ. ಪ್ರಮೋಷನ್ ಅಂದ್ಕೋ. ತಾರೀಖು ಮಾತ್ರ ಹೋದ ತಿಂಗಳದ್ದು ಹಾಕು."

ಕೊನೆಗೂ ನನಗೊಂದು ಖಾನೆ ಕೊಡುತ್ತಿದ್ದರು, ತಮ್ಮ ತಪ್ಪನ್ನು ಅದರೊಳಗೆ ಇಟ್ಟು. ಪೆನ್ನು ತೆಗೆದುಕೊಳ್ಳಲಿಲ್ಲ.

"ಸಾರ್, ಎತ್ತರದ ಅಂಕಿ ತಪ್ಪು ಅಂತ ಎಳೆದ ದಿನವೇ ನೋಡಿದ್ದೆ. ಕುಷನ್ ಸರಿಯಾಗೇ ಇತ್ತು. ಮೇಸ್ತ್ರಿಯದು ಏನೂ ತಪ್ಪಿಲ್ಲ ಅಂತ ಮಾಲೀಕರಿಗೆ ನಾನೇ ಹೇಳ್ತೀನಿ."

ಒಂದು ಗಳಿಗೆ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿಯಿಂದ ಅರ್ಧ ಎದ್ದರು. "ನೋಡಿ ಸುಮ್ನಿದ್ಯಾ? ಬೇಕೂಂತ್ಲೇ? ಇದು ದ್ರೋಹ ಕಣೇ! ನಿನ್ನ ಕೆಲ್ಸದಿಂದ ತೆಗೆಸ್ತೀನಿ. ಒಬ್ಬ ಟ್ರೇಸರ್, ಗೆರೆ ಎಳ್ಯೋಳು—"

"ತೆಗೆಸಿ ಸಾರ್. ಅದಕ್ಕೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಬರೀ ಗೆರೆ ಎಳ್ಯೋಳಿಗೆ, ನೀವು ಬರೆದ ಎತ್ತರ ತಪ್ಪು ಅಂತ ಹೇಗೆ ಗೊತ್ತಾಯ್ತು?"