ಮುನಿಯಮ್ಮನ ಸೀತಾಫಲಕ್ಕೆ ಮದುವೆ

ಹೋದ ವರ್ಷ ಸೀತಾಫಲದ ಕಾಲದಲ್ಲಿ ಒಂದು ಬೆಳಿಗ್ಗೆ, ಮುನಿಯಮ್ಮ ರೈಲು ಹತ್ತಿ ನನ್ನ ಎದುರು ಸೀಟಿನಲ್ಲಿ ಕೂತರು. ತಲೆಯ ಮೇಲೆ ಬುಟ್ಟಿ ಇಲ್ಲ. ಕೊರಳಲ್ಲಿ ಐಡಿ ಕಾರ್ಡ್.

ನಾನು ಆಂಡರ್ಸನ್‌ಪೇಟೆಯವನು, ಬೆಂಗಳೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. (ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ಹೇಳಿದೆ.) ದಿನಾ ರೈಲಿನಲ್ಲೇ ಓಡಾಟ. ಮಳೆಗಾಲ ಮುಗಿಯುತ್ತಾ ಬಂತೆಂದರೆ ಬಂಗಾರಪೇಟೆಯಲ್ಲಿ ಕಿಟಕಿ ಪಕ್ಕ ಮುನಿಯಮ್ಮನ ಸೀತಾಫಲದ ಬುಟ್ಟಿ ಮಾರಾಟಕ್ಕೆ ಬಂದು ನಿಲ್ಲಬೇಕು. ಇಷ್ಟು ವರ್ಷ ಹಾಗೇ ನಡೆದಿತ್ತು. ಅವರ ಮನೆ ಕ್ಯಾಸಂಬಳ್ಳಿ ಕಡೆ, ಒಂದು ಬೆಟ್ಟದ ಬುಡದಲ್ಲಿ. ಬಂಡೆಗಳ ಸಂದಿಯಲ್ಲಿ ತಾನಾಗಿ ಹುಟ್ಟಿದ ಸೀತಾಫಲ, ಒಂದಷ್ಟು ಮೇಕೆ, ಮಳೆ ಬಂದರೆ ರಾಗಿ. ಇಷ್ಟೇ ಬದುಕು.

"ಏನಮ್ಮಾ, ಹಣ್ಣೆಲ್ಲಿ?" ಅಂದೆ.

"ಅಣ್ಣಿದ್ರೆ ನಾನ್ಯಾಕ್ ಮೇಷ್ಟ್ರೆ ಈ ರೈಲ್ ಅತ್ತೀನಿ?"

ಬೆಂಗಳೂರಿನ ಯಾವುದೋ ದೊಡ್ಡ ಬಿಲ್ಡಿಂಗಿನಲ್ಲಿ ನೆಲ ಒರೆಸುವ ಕೆಲಸವಂತೆ. ಆಗಷ್ಟೇ ಸೇರಿದ್ದರು. ಅರವತ್ತರ ಹತ್ತಿರದ ಹೆಂಗಸು. ಹುಟ್ಟಿದಾಗಿನಿಂದ ಬೆಟ್ಟ ಹತ್ತಿದ ಕಾಲು, ಈಗ ಲಿಫ್ಟ್ ಹತ್ತುತ್ತಿತ್ತು.

ಏನಾಯಿತು ಅಂತ ಕೇಳಿದೆ. "ಊವು ಬಂದ್ ವೇಳೆಗೆ ಬಿಸ್ಲು ಸುಟ್ಟಾಕ್ತು. ಉಳಿದಿದ್ನ ಒಂದೇ ಮಳೆ ಬಡ್ದು ಕೆಡವ್ತು. ಮೊದ್ಲು ಮಳೆ ಇಂಗ್ ಬರ್ತಿರ್ಲಿಲ್ಲ ಮೇಷ್ಟ್ರೆ. ಕೇಳ್ಕೊಂಡ್ ಬರ್ತಿತ್ತು."

ಸೀತಾಫಲದ ಎಲೆಯನ್ನು ಮೇಕೆ ಕೂಡ ಮೂಸುವುದಿಲ್ಲ. ಯಾರೂ ನೀರು ಹಾಕುವುದಿಲ್ಲ, ಗೊಬ್ಬರ ಕೊಡುವುದಿಲ್ಲ. ಅಂಥಾ ಗಟ್ಟಿ ಮರವೇ ಸೋತರೆ? ಕ್ಲೈಮೇಟ್ ಚೇಂಜ್ ಅಂತ ನಾವು ಪೇಪರಿನಲ್ಲಿ ಓದಿ ಪುಟ ತಿರುಗಿಸುತ್ತೇವೆ. ನನಗೆ ಅದು ಎದುರು ಸೀಟಿನಲ್ಲಿ, ಯೂನಿಫಾರ್ಮ್ ಹಾಕಿಕೊಂಡು ಕೂತಿತ್ತು.

ಚಳಿಗಾಲ ಕಳೆಯಿತು. ನಾವಿಬ್ಬರೂ ರೈಲಿನ ಸ್ನೇಹಿತರಾದೆವು. ಬೇಸಿಗೆ ರಜೆ ಹತ್ತಿರ ಬಂದಾಗ ಒಂದು ದಿನ ಮುನಿಯಮ್ಮ ಸಂಕೋಚದಿಂದ ಕೇಳಿದರು. "ಮೇಷ್ಟ್ರೆ, ಬಣ್ಣ ಅಚ್ಚೋ ಸಣ್ ಬ್ರಶ್ ಸಿಕ್ತದಾ? ನಮ್ ಸೊಸೆಗೆ ಬೇಕಂತೆ."

"ಚಿತ್ರ ಬರೀತಾಳಾ?"

"ಚಿತ್ರಾನೂ ಇಲ್ಲ, ಗಿತ್ರಾನೂ ಇಲ್ಲ. ಮರದ್ ಊವ್ಗೆ ಪೌಡರ್ ಬಳೀತಾಳಂತೆ! ತಲೆ ಕೆಟ್ಟೈತೆ ಅವ್ಳಿಗೆ."

ಸೊಸೆ ಭಾಗ್ಯ ಹಣ್ಣಿನ ಬೆಳೆಗಾರರ ಒಂದು ತರಬೇತಿಗೆ ಹೋಗಿ ಬಂದಿದ್ದಳು. ಅತ್ತೆ ರೈಲು ಹತ್ತಿದ ದಿನದಿಂದ ಅವಳಿಗೆ ಒಂದೇ ಚಿಂತೆ. ಇವತ್ತು ಅತ್ತೆ, ನಾಳೆ ನಾನು, ಆಮೇಲೆ ಮನೆಗೆ ಬೀಗ ಅಂತ.

ಆಂಡರ್ಸನ್‌ಪೇಟೆಯ ಅಂಗಡಿಯಲ್ಲಿ ಆರು ಬ್ರಶ್ ಕೊಂಡೆ. "ಎನ್ನ ಸಾರ್, ಸ್ಕೂಲು ಮುಚ್ಚೋ ಟೈಮಲ್ಲಿ ಇಷ್ಟೊಂದು ಬ್ರಶ್?" ಅಂದ ಅಂಗಡಿಯವನು, ತನ್ನ ತಮಿಳು ಬೆರೆತ ಕನ್ನಡದಲ್ಲಿ. ನಕ್ಕು ಬಂದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮುನಿಯಮ್ಮ ರೈಲಿನಲ್ಲಿಲ್ಲ. ಒಂದು ದಿನ, ಎರಡು ದಿನ, ಇಡೀ ವಾರ. ಫೋನ್ ಮಾಡಿದರೆ ಎತ್ತಲಿಲ್ಲ. ಹುಷಾರಿಲ್ಲವಾ? ಆ ಬಿಲ್ಡಿಂಗಿನಲ್ಲಿ ಎಲ್ಲಾದರೂ ಜಾರಿ ಬಿದ್ದರಾ? ಮನಸ್ಸು ಕೇಳಲಿಲ್ಲ. ಭಾನುವಾರ ಬೆಳಗಿನ ಜಾವವೇ ಸ್ಕೂಟರ್ ಏರಿ, ಕ್ಯಾಸಂಬಳ್ಳಿ ದಾಟಿ, ಕೇಳಿಕೊಂಡು ಕೇಳಿಕೊಂಡು ಅವರ ಮನೆ ಮುಟ್ಟಿದೆ.

ಮನೆ ಹಿಂದೆ ಬಂಡೆ ಮೇಲೆ ನಿಂತಿದ್ದರು ಮುನಿಯಮ್ಮ. ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ನಾನು ಕೊಟ್ಟ ಬ್ರಶ್. ನನ್ನನ್ನು ಕಂಡವರು ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ. "ಸ್ವಲ್ಪ ಇರಿ ಮೇಷ್ಟ್ರೆ, ಬಿಸ್ಲು ಬಂದ್ರೆ ಇದು ಆಗಲ್ಲ" ಅಂದರು.

ಸೀತಾಫಲದ ಹೂವನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಇಷ್ಟು ವರ್ಷ ಹಣ್ಣು ತಿಂದ ನಾನು ನೋಡಿರಲಿಲ್ಲ. ಮೂರು ದಪ್ಪ ಹಸಿರು ಎಸಳು, ತಲೆ ತಗ್ಗಿಸಿ ನೇತಾಡುತ್ತವೆ. ಹೂವು ಅಂತ ಅನ್ನಿಸುವುದೇ ಇಲ್ಲ. ಭಾಗ್ಯ ವಿವರಿಸಿದಳು. ಪೂರ್ತಿ ಅರಳಿದ ಹೂವಿನಲ್ಲಿ ಪರಾಗದ ಪುಡಿ ಇರುತ್ತದೆ. ಅದನ್ನು ಡಬ್ಬಿಗೆ ಉದುರಿಸಿಕೊಂಡು, ಅರ್ಧ ಅರಳಿದ ಹೂವಿನೊಳಗೆ ಬ್ರಶ್ಶಿನಿಂದ ಸವರಬೇಕು, ಆಗಲೇ ಕಾಯಿ ಕಚ್ಚುವುದು. ಮಾಮೂಲಿಗೆ ಈ ಕೆಲಸ ಮಾಡುವುದು ಸಣ್ಣ ಸಣ್ಣ ಹುಳಗಳು. "ಬಿಸ್ಲು ಜಾಸ್ತಿ ಆದ್ರೆ ಊವೊಳ್ಗೆ ಪಸೆ ಒಣಗೋಯ್ತದೆ ಸಾರ್. ಉಳಾನೂ ಕಮ್ಮಿ ಆಗವೆ. ಅದ್ಕೇ ತಂಪೊತ್ನಾಗೆ ನಾವೇ ಉಳ ಆಗಿದೀವಿ."

ಸವರಿದ ಹೂವಿಗೆಲ್ಲ ಗುರುತಿಗೆ ಒಂದೊಂದು ಹಳದಿ ದಾರ. ಮೊದಲ ಸಲ ಸೊಸೆ ದಾರ ಕಟ್ಟಿದಾಗ ಮುನಿಯಮ್ಮ ಬೆಟ್ಟಕ್ಕೆಲ್ಲ ಕೇಳುವ ಹಾಗೆ ನಕ್ಕಿದ್ದರಂತೆ. "ಊವ್ಗೆ ತಾಳಿ ಕಟ್ತಾವ್ಳೆ ನೋಡ್ರಪ್ಪೋ!"

ಆಮೇಲೆ ಸುಮಾರು ದಿನಕ್ಕೆ ದಾರವಿಲ್ಲದ ಹೂವು ಒಂದೊಂದೇ ಉದುರಿದವು. ದಾರ ಕಟ್ಟಿದಲ್ಲಿ ಬಟಾಣಿಯಷ್ಟು ಹಸಿರು ಕಾಯಿ ಕಚ್ಚಿತ್ತು. ಎಲ್ಲದರಲ್ಲೂ ಅಲ್ಲ, ಆದರೆ ತುಂಬಾ ಕಡೆ. ಮುನಿಯಮ್ಮ ನಗಲಿಲ್ಲ. ಒಂದು ಬ್ರಶ್ ಎತ್ತಿಕೊಂಡರು.

ತೊಂದರೆ ಏನೆಂದರೆ, ಹೂವಿನ ಹೊತ್ತೂ ರೈಲಿನ ಹೊತ್ತೂ ಒಂದೇ. ಎರಡರಲ್ಲಿ ಒಂದು ಬಿಡಲೇಬೇಕು.

"ಕೆಲ್ಸ ಹೋದ್ರೆ ಏನ್ ಮಾಡ್ತೀರಿ?" ಅಂದೆ.

"ಸೂಪರ್‌ವೈಸರ್‌ಗೆ ಮನೇಲಿ ಮದ್ವೆ ಐತೆ ಅಂದ್ಬುಟ್ಟಿವ್ನಿ." ಕಣ್ಣು ಮಿಟುಕಿಸಿದರು. "ಸುಳ್ಳಾ ಮೇಷ್ಟ್ರೆ? ತಾಳಿ ಕಟ್ತಾ ಇಲ್ವಾ?"

ಅವತ್ತು ನಾನೂ ಒಂದಿಪ್ಪತ್ತು ಹೂವಿಗೆ ಬ್ರಶ್ ಆಡಿಸಿದೆ. ಇಷ್ಟು ವರ್ಷ ಮಕ್ಕಳಿಗೆ ಬ್ರಶ್ ಹಿಡಿಯುವುದನ್ನು ಕಲಿಸಿದವನು ನಾನು. ನನ್ನ ಕೈ ಹಿಡಿದು ತಿದ್ದಿದ್ದು ಭಾಗ್ಯ. "ಮೆತ್ಗೆ ಸಾರ್, ಗೋಡೆಗ್ ಸುಣ್ಣ ಒಡೀತಾ ಇಲ್ಲ ನೀವು!"

ಮದುವೆ ಅಂದರೆ ಎಷ್ಟು ದಿನ? ಮೂರನೇ ವಾರಕ್ಕೆ ಬಿಲ್ಡಿಂಗಿನವರು ಬೇರೆಯವರನ್ನು ಇಟ್ಟುಕೊಂಡರು. ಐಡಿ ಕಾರ್ಡ್ ವಾಪಸ್ ಕೊಟ್ಟು ಬಂದ ಮುನಿಯಮ್ಮ ಸೀದಾ ಮರದ ಹತ್ತಿರ ಹೋದರಂತೆ. ಆಗಿನ್ನೂ ಕಾಯಿ ಗೋಲಿಯಷ್ಟೇ ಇತ್ತು. ಮತ್ತೆ ಯಾವ ಮಳೆ ಬಂದು ಬಡಿಯುತ್ತೋ!

ಮಳೆ ಬಂತು. ಜೋರಾಗೇ ಬಂತು. ಆದರೆ ಅಷ್ಟರಲ್ಲಿ ಅತ್ತೆ ಸೊಸೆ ಸೇರಿ ಮರದ ಬುಡಕ್ಕೆಲ್ಲ ಅರ್ಧಚಂದ್ರಾಕಾರದಲ್ಲಿ ಕಲ್ಲು ಜೋಡಿಸಿದ್ದರು. ಮಣ್ಣು ಕೊಚ್ಚಿ ಹೋಗಲಿಲ್ಲ, ನೀರು ಅಲ್ಲೇ ಇಂಗಿತು. ಒಂದಷ್ಟು ಕಾಯಿ ಬಿತ್ತು. ಮಿಕ್ಕಿದ್ದು ನಿಂತಿತು.

ಹೋದ ವಾರ ಮತ್ತೆ ಹೋಗಿದ್ದೆ. ಮನೆ ಹಿಂದಿನ ಹದಿನಾಲ್ಕು ಮರ ಬಾಗಿ ನಿಂತಿವೆ. ಹಣ್ಣು ಒಂದೊಂದೂ ಅಂಗೈ ತುಂಬ. ಪಕ್ಕದ ಮನೆಗಳ ಹೆಂಗಸರು ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ಬರುವ ವರ್ಷಕ್ಕೆ ಕಲಿಸು ಅಂತ ಭಾಗ್ಯಳ ಹಿಂದೆ ಬಿದ್ದಿದ್ದಾರೆ. ಸೊಸೆಗೆ ತಲೆ ಕೆಟ್ಟಿದೆ ಅಂದಿದ್ದ ಮುನಿಯಮ್ಮ ಈಗ "ನಮ್ ಭಾಗ್ಯ ಏಳ್ದಂಗ್ ಮಾಡ್ರೆ" ಅನ್ನುತ್ತಾರೆ.

ಬೆಟ್ಟದ ಮೇಲಿನ ಮರಗಳು ಮಾತ್ರ ಈ ವರ್ಷವೂ ಬರಿದೋ ಬರಿದು. ಕತ್ತೆತ್ತಿ ನೋಡಿ ಕೇಳಿದೆ, "ಅವುಕ್ಕೆ ಏನ್ ಮಾಡ್ತೀಯಮ್ಮಾ?"

ಭಾಗ್ಯ ಹಣ್ಣು ಬಿಡಿಸುತ್ತಲೇ ಹೇಳಿದಳು. "ಇಡೀ ಬೆಟ್ಟಕ್ಕೆ ನಾವ್ ಎಷ್ಟ್ ಜನ ಬ್ರಶ್ ಇಡಿಯಾಕಾಯ್ತದೆ ಸಾರ್? ನಮ್ ಕೈಗ್ ಎಟುಕಿದ್ನ ನಾವ್ ಮಾಡಿದೀವಿ. ಮಿಕ್ಕಿದ್ದು ನಿಮ್ ಪ್ಯಾಟೆ ಕಡೆಯೋರು ನೋಡ್ರಿ."

ಬೆಟ್ಟದವರು ಬಿಸಿಲು ಏರುವ ಮೊದಲೇ ಎದ್ದು ಕೆಲಸ ಶುರು ಮಾಡಿದ್ದಾರೆ. ಆ ಬಿಸಿಲನ್ನು ಏರಿಸಿದ ನಾವು ಏಳುವುದು ಯಾವಾಗ?